ಮಹೇಶ್ವರಪ್ಪ ಒಲೆ ಹಾಕಿದ್ದು

ಕಾಶಿಗೆ ಹೋದವರು ತಮಗಿಷ್ಟವಾದ ಒಂದು ಕಾಯಿಯನ್ನೋ ಹಣ್ಣನ್ನೋ ಗಂಗೆಯಲ್ಲಿ ಬಿಟ್ಟು ಬರುತ್ತಾರೆ. ನ್ಯಾಮತಿಯ ಮಹೇಶ್ವರಪ್ಪ ಒಂದಕ್ಕೇ ನಿಲ್ಲುವ ಆಸಾಮಿಯೇ? ಎಪ್ಪತ್ತೆಂಟನೇ ಇಸವಿಯಲ್ಲಿ ಕಾಶಿಯಲ್ಲಿ ಬದನೆಕಾಯಿ ಬಿಟ್ಟ. ತಿನ್ನುವುದಕ್ಕಿಂತ ಬಿಡುವುದೇ ಹೆಚ್ಚು ರುಚಿ ಎಂದು ರೈಲಿನಲ್ಲೇ ಹೊಳೆಯಿತು. ದಾವಣಗೆರೆ ಬರುವಷ್ಟರಲ್ಲಿ ಈರುಳ್ಳಿ ಬಿಟ್ಟ, ಬೀರೂರಿನಲ್ಲಿ ರೈಲು ಬದಲಿಸುವಾಗ ಕಾಫಿ. ಊರಿಗೆ ಬಂದಮೇಲೆ ಉಪ್ಪು, ಚಪ್ಪಲಿ, ಹಾಸಿಗೆ. ಅವನು ಬಿಟ್ಟದ್ದನ್ನೆಲ್ಲ ರಾಶಿ ಹಾಕಿದ್ದರೆ ಹೊನ್ನಾಳಿ ಸಂತೆಗೆ ಎದುರು ಇನ್ನೊಂದು ಸಂತೆ ಕಟ್ಟಬಹುದಿತ್ತು. ಇದರಲ್ಲಿ ಸಾಸಿವೆಯಷ್ಟೂ ಸುಳ್ಳಿಲ್ಲ.

ಅವನು ಬಿಡುತ್ತ ಹೋದಂತೆ ಹೆಂಡತಿ ಸಿದ್ದಲಿಂಗಮ್ಮನಿಗೆ ಕೆಲಸ ಬೆಳೆಯುತ್ತ ಹೋಯಿತು. ಅವನಿಗೊಂದು ಸಾರು, ಅತ್ತೆ ಕಲ್ಲಮ್ಮನಿಗೊಂದು ಸಾರು. ತನಗೆ ಯಾವುದು ಉಳಿಯಿತೋ ಅದು. ಅವಳ ನಿಟ್ಟುಸಿರಿಗೆ ಹಿತ್ತಲ ನುಗ್ಗೆಮರವೇ ಒಂದು ಕಡೆಗೆ ವಾಲಿತ್ತು.

ಒಂದು ಬೆಳಿಗ್ಗೆ ಅವನು ಹಾರೆ ಹಿಡಿದು ಅಡುಗೆಮನೆಗೆ ಬಂದ.

"ಒಲೆ ಕೀಳ್ತೀನಿ ಕಣೆ. ಆಸೆಯೆಲ್ಲ ಹುಟ್ಟೋದು ಇಲ್ಲೇ. ಹಳೇದು ಒಡೀದೆ ಆತ್ಮ ಬೆಳೆಯಲ್ಲ. ಇನ್ಮೇಲೆ ನೆನೆಸಿದ ಕಡ್ಲೆ, ಹಣ್ಣು, ಅಷ್ಟೆ."

"ಅತ್ತೆ ಬಾಯಾಗೆ ಹಲ್ಲೆಲ್ಲಿ ಅದಾವೆ ರೀ, ಕಡ್ಲೆ ತಿನ್ನಾಕೆ?"

"ಅವ್ವಂಗೂ ಮೋಕ್ಷ ಬ್ಯಾಡವೇನು?"

"ಬೇಕು. ಹಸಿದುಕೊಂಡು ಬ್ಯಾಡ."

ಹಾರೆ ಬಿತ್ತು. ಎದ್ದ ಬೂದಿ ಜಗಳೂರಿನ ತನಕ ಹಾರಿ ಅಲ್ಲಿನ ಸೊಕ್ಕೆ ಹಳ್ಳಿಯಲ್ಲೊಬ್ಬ ಸೀನಿದನಂತೆ. ಸಿದ್ದಲಿಂಗಮ್ಮ ಕೂಗಾಡಲಿಲ್ಲ, ಅದಕ್ಕೂ ತ್ರಾಣ ಬೇಕು. ಎರಡು ಸೀರೆ ಗಂಟು ಕಟ್ಟಿಕೊಂಡು ಚನ್ನಗಿರಿಯ ತಮ್ಮನ ಮನೆಗೆ ಹೊರಟಳು.

"ನನ್ನೂ ಕರ್ಕೊಂಡೋಗವ್ವಾ," ಎಂದಳು ಮೂಲೆಯಿಂದ ಕಲ್ಲಮ್ಮ. "ಇವನು ನಾಳೆ ನನ್ನೂ ಬಿಡ್ತಾನೆ."

ಆ ಮುದುಕಿಯನ್ನು ನೋಡಿ ಸಿದ್ದಲಿಂಗಮ್ಮ ಹೊಸ್ತಿಲಲ್ಲೇ ಗಂಟು ಇಳಿಸಿದಳು. ಅಲ್ಲೇ ಕುಳಿತಳು.

"ಒಡೆಯಾಕೆ ಒಂದು ಗಳಿಗೆ ಸಾಕಾತು ನಿಮಗೆ. ಸಂಜೆಯೊಳಗೆ ಕಟ್ಟಿ ತೋರ್ಸ್ರಿ, ಇರ್ತೀನಿ. ಇಲ್ಲಾಂದ್ರೆ ಬದನೆಕಾಯಿ ಜೊತೆಗೆ ನನ್ನೂ ಬಿಟ್ಟೆ ಅಂದ್ಕೊಳ್ರಿ."

"ಮಣ್ಣು ತಾನೆ? ನೋಡ್ತಿರು!"

ಹುತ್ತದ ಮಣ್ಣು ತಂದು ಕಲಸಿದ. ಮೊದಲನೆಯ ಒಲೆ ಎಮ್ಮೆ ಮಲಗಿದಂತೆ ಕುಸಿಯಿತು. ಎರಡನೆಯದು ಒಣಗತೊಡಗಿದ್ದೇ ತಡ, ಆನೆ ತೂರುವಷ್ಟು ಬಿರುಕು ಬಿಟ್ಟಿತು. ಮೂರನೆಯದಕ್ಕೆ ಕೈ ಹಾಕುವಾಗ ಅವನ ಮುಖದಲ್ಲಿ ಕಾಶಿಯ ಕಳೆ ಒಂದಿಷ್ಟೂ ಇರಲಿಲ್ಲ. ಬೆರಳು ಒಡೆದಿದ್ದವು.

"ಯಾಕೆ ನಿಲ್ಲವಲ್ದು ಸಿದ್ದಿ?"

"ಹಳೇ ಒಲೆ ಮಣ್ಣು ಎಲ್ಲಿ?"

"ತಿಪ್ಪೆಗೆ ಎಸೆದೆ."

"ಆಯ್ಕೊಂಡು ಬರ್ರಿ. ಸುಟ್ಟ ಮಣ್ಣು ಕುಟ್ಟಿ ಸೇರಿಸದಿದ್ರೆ ಹೊಸದು ಹಿಡಕೊಳ್ಳಲ್ಲ."

ತಿಪ್ಪೆಯಲ್ಲಿ ಮೊಣಕಾಲೂರಿ ಅವನು ತಾನೇ ಒಡೆದ ಚೂರುಗಳನ್ನು ಹೆಕ್ಕಿದ. ನೋಡಲು ಇಡೀ ನ್ಯಾಮತಿ ಬೇಲಿಗೆ ಬಂದು ನಿಂತಿತ್ತು. ತಲೆಯೆತ್ತದೆ ಕುಟ್ಟಿದ, ಸೋಸಿದ, ಹೊಟ್ಟು ಸೇರಿಸಿ ತುಳಿದ. ಏನೂ ಬಿಡಲಿಲ್ಲ ಆ ಮಧ್ಯಾಹ್ನ; ಬೆವರೊಂದನ್ನು ಬಿಟ್ಟು.

ಹೊತ್ತು ಇಳಿಯುವಾಗ ಒಲೆ ನಿಂತಿತು. ಸಿದ್ದಲಿಂಗಮ್ಮ ಒಳಗೆ ಬಂದು ಗೋಡೆಗೊರಗಿ ಅದನ್ನು ನೋಡಿದಳು.

"ಎಡಕ್ಕೆ ವಾಲೈತೆ."

ಅವನ ಕೈ ಅಭ್ಯಾಸಬಲದಿಂದ ಹಾರೆಯ ಕಡೆಗೆ ಹೋಯಿತು. "ಕೆಡವಿ ಮತ್ತೆ ಹಾಕ್ಲಾ?"

"ಬ್ಯಾಡ," ಎಂದಳು ಕಣ್ಣು ಮುಚ್ಚಿಕೊಂಡೇ. "ಹಂಗೇ ಇರ್ಲಿ. ಪಾತ್ರೆನೇ ಒಸಿ ವಾರೆ ಇಟ್ಕಂತೀನಿ."