ಹಗ್ಗದ ಆಚೆ

'ವಯಸ್ಸು ಕೇಳುವುದಿಲ್ಲ, ಈಜು ಎಷ್ಟು ಬರುತ್ತದೆಂದೂ ಕೇಳುವುದಿಲ್ಲ, ಈಜು ಸ್ಪರ್ಧೆಗೆ ಯಾರು ಬೇಕಾದರೂ ಬನ್ನಿ' ಎಂದು ಗೇಟಿಗೆ ಬೋರ್ಡು ಹಾಕಿಸಿದ ಮ್ಯಾನೇಜರಿಗೆ ಈಜು ಬರುವುದಿಲ್ಲ. ಬರುತ್ತಿದ್ದರೆ ಹಾಗೆ ಬರೆಸುತ್ತಿರಲಿಲ್ಲ. ಈ ಕೊಳದ ಲೈಫ್‌ಗಾರ್ಡ್ ನಾನು. ಯಾರೇ ಮುಳುಗಲಿ, ಎತ್ತಬೇಕಾದವಳು ನಾನೇ.

ಬೋರ್ಡು ನೋಡಿ ಬಂದವರಲ್ಲಿ ನನ್ನ ಅಮ್ಮನೂ ಇದ್ದಳು.

ಮಂಡಿ ನೋವಿಗೆ ನೀರಿನಲ್ಲಿ ಕಾಲಾಡಿಸಿ ಎಂದು ಡಾಕ್ಟರು ಹೇಳಿದ ಮೇಲೆ ನಾನೇ ಅವಳಿಗೆ ಈಜು ಕಲಿಸಿದ್ದೆ. ಕೊಳದ ನಡುವೆ ಅಡ್ಡಲಾಗಿ ಒಂದು ಹಗ್ಗ. ಈಚೆ ನೀರು ಎದೆಮಟ್ಟ, ಆಚೆ ಎರಡಾಳು. ಹೊಸಬರು ಹೆದರುತ್ತಾರೆಂದು ಇಲ್ಲಿ ನಾವು ಯಾರೂ 'ಆಳ' ಎನ್ನುವುದಿಲ್ಲ. 'ಆಚೆ ದೊಡ್ಡವರದು' ಅನ್ನುತ್ತೇವೆ. ಅಮ್ಮನಿಗೂ ಅಷ್ಟೇ ಹೇಳಿದ್ದೆ. "ನಾನೇನು ಪಾಪುನಾ? ನಿನ್ನ ಹೆತ್ತೋಳು ಕಣೇ" ಎಂದು ಮೂತಿ ಊದಿಸಿಕೊಂಡಿದ್ದಳು.

ಸ್ಪರ್ಧೆಯ ದಿನ ಹಗ್ಗ ಬಿಚ್ಚಿದರು.

"ಅಮ್ಮ, ಸುಮ್ನೆ ಕೂತ್ಕೋ. ನಿನ್ ಕೈಲಿ ಆಗಲ್ಲ."

"ಬೋರ್ಡ್ ಓದೋಕೆ ನಂಗೂ ಬರುತ್ತೆ" ಎನ್ನುತ್ತಾ ಅವಳು ಕೂದಲನ್ನೆಲ್ಲ ಟೋಪಿಯೊಳಗೆ ತುರುಕಿಕೊಂಡಳು. ಅವಳ ಪಕ್ಕದಲ್ಲಿ ಒಂದೇ ಕಾಲಿನ ಗಡಿಯಾರ ರಿಪೇರಿಯವರು, ಅವರಾಚೆ ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿ. ಅವರ ಬಗ್ಗೆ ನನಗೆ ಚಿಂತೆಯಿರಲಿಲ್ಲ; ಇಬ್ಬರೂ ಮೀನುಗಳೇ. ಆಚೆ ಗೋಡೆಯವರೆಗೆ ಹೋಗಿ ವಾಪಸ್ ಬರಬೇಕು, ನಡುವೆ ಯಾರಾದರೂ ಮುಟ್ಟಿದರೆ ಔಟ್ ಎಂದು ಮ್ಯಾನೇಜರು ಮೈಕಿನಲ್ಲಿ ಕೂಗಿ ಸೀಟಿ ಊದಿದರು.

ಕಲಿಸುವಾಗ ಪಕ್ಕದಲ್ಲೇ ನಿಂತು ಅಮ್ಮನ ಮುಖ ಮಾತ್ರ ನೋಡುತ್ತಿದ್ದೆ. ಇವತ್ತು ಎತ್ತರದ ಕುರ್ಚಿಯಿಂದ ಅವಳ ಕಾಲು ಕಂಡಿತು. ನಾಲ್ಕು ಸಲ ಕೈ ಬೀಸುತ್ತಾಳೆ, ಹೆಬ್ಬೆರಳಿನಿಂದ ನೆಲ ಮೀಟುತ್ತಾಳೆ, ಮತ್ತೆ ಕೈ ಬೀಸುತ್ತಾಳೆ. ಅವಳು ಈಜುತ್ತಿರಲಿಲ್ಲ. ಆಚೆಯೂ ನೆಲ ಸಿಗುತ್ತದೆಂದು ನಂಬಿ ಹೊರಟಿದ್ದಳು.

"ಅಮ್ಮಾ! ನಿಲ್ಲು!" ಚಪ್ಪಾಳೆಯ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಕೊಳದ ಅಂಚಿನಲ್ಲೇ ಓಡಿದೆ. ಹಗ್ಗವಿರುತ್ತಿದ್ದ ಜಾಗ ದಾಟಿದಳು. ಹೆಬ್ಬೆರಳು ಕೆಳಗೆ ಹುಡುಕಿತು, ಇನ್ನೂ ಕೆಳಗೆ ಹುಡುಕಿತು. ಟೋಪಿ ಮುಳುಗಿತು.

ನಾನು ಹಾರಿದೆ.

ಹತ್ತಿರ ಹೋಗುವಷ್ಟರಲ್ಲಿ ಅಮ್ಮ ಮೇಲೆ ಬಂದು, ಮೊದಲ ವಾರ ಕಲಿಸಿದ್ದಂತೆ ಅಂಗಾತ ತೇಲಿದಳು. ಮೂಗು ಬಾಯಲ್ಲೆಲ್ಲ ನೀರು. ಕಣ್ಣು ಇಷ್ಟಗಲ.

"ಮುಟ್ಬೇಡ! ಮುಟ್ಟಿದ್ರೆ ಔಟು!"

ಎಷ್ಟೋ ಜನರನ್ನು ನೀರಿನಿಂದ ಎಳೆದಿದ್ದೇನೆ, ಆದರೆ ಇಂಥ ಭಯ ಯಾವತ್ತೂ ಆಗಿರಲಿಲ್ಲ. ಚಾಚಿದ ಕೈ ಹಿಂದಕ್ಕೆ ತೆಗೆದೆ. ಅವಳು ಕೆಮ್ಮುತ್ತಲೇ, ಅಂಗಾತವಾಗಿ ಕಾಲು ಬಡಿಯುತ್ತಾ ಮುಂದೆ ಸಾಗಿದಳು. ಇನ್ನೊಂದು ಗುಟುಕು ನೀರು ಕುಡಿದರೆ ಔಟಾದರೂ ಸರಿ, ಹಿಡಿದೇ ಬಿಡುವುದೆಂದುಕೊಂಡು ಪಕ್ಕದಲ್ಲೇ ಈಜಿದೆ. "ಗದ್ದ ಮೇಲೆ, ಅಮ್ಮ, ಗದ್ದ ಮೇಲೆ" ಎನ್ನುವುದೊಂದೇ ನನ್ನಿಂದ ಆದದ್ದು.

ಕೊನೆಗೂ ಗೋಡೆಯ ಕಂಬಿ ಅವಳ ಕೈಗೆ ಸಿಕ್ಕಿತು.

"ಅಲ್ಲಿ ನೆಲಾನೇ ಇಲ್ಲ ಕಣೇ. ಯಾಕೆ ಹೇಳ್ಲಿಲ್ಲ ನಂಗೆ?"

"ಸಾಕು, ಮೇಲೆ ಹತ್ತು" ಎಂದೆ. ಉಳಿದವರೆಲ್ಲ ಆಗಲೇ ಹೊರಟ ಕಡೆಗೇ ಮರಳಿ ಟವೆಲ್ ಹೊದ್ದಿದ್ದರು. ಅಮ್ಮ ಅವರ ಕಡೆ ನೋಡಿದಳು.

"ವಾಪಸ್ಸೂ ಹೋಗ್ಬೇಕಲ್ವಾ?"

"ಬೇಡಮ್ಮ. ನಂಗೆ ಭಯ ಆಗ್ತಿದೆ."

"ನಂಗೂ ಆಗ್ತಿದೆ. ನಿಂಗೆ ಅಷ್ಟೊಂದು ಭಯ ಆದ್ರೆ ಕಂಬಿ ಹಿಡ್ಕೊಂಡು ಇಲ್ಲೇ ಇರು."

ಒಂದೊಂದೇ ಬೆರಳು ಬಿಡಿಸಿಕೊಂಡು, ಅಂಗಾತವಾಗಿ, ಅವಳು ಗೋಡೆಯನ್ನು ಒದ್ದಳು. ನಾನೂ ಕಂಬಿ ಬಿಟ್ಟು, ಮುಟ್ಟದೆ, ಅವಳ ಪಕ್ಕದಲ್ಲೇ ಹೊರಟೆ.