ಕಾಫಿ ಸಿಪ್ಪೆಯ ಕಷಾಯ, ಸಣ್ಣಸ್ವಾಮಿಯ ಕಾಲು

ಕೊಡ್ಲಿಪೇಟೆ ಹತ್ತಿರದ ಎಸ್ಟೇಟಿನಲ್ಲಿ ಪಲ್ಪರ್ ಓಡಿಸುವ ಸಣ್ಣಸ್ವಾಮಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಪಲ್ಪರಿಗೆ ಕಾಫಿ ಹಣ್ಣು ಸುರಿದರೆ ಬೀಜ ಒಂದು ಕಡೆ ಬೀಳುತ್ತದೆ, ಕೆಂಪು ಸಿಪ್ಪೆ ಇನ್ನೊಂದು ಕಡೆ. ಬೀಜಕ್ಕೆ ರಾಜಮರ್ಯಾದೆ, ಸಿಪ್ಪೆಗೆ ಗೊಬ್ಬರದ ಗುಂಡಿ.

ಈ ಸಲ ಹಣ್ಣು ಬಿಡಿಸುವ ಪಿಕಿಂಗ್ ಶುರುವಾದ ವಾರದಲ್ಲೇ ಯಾರೋ ಅವನ ಫೋನಿಗೊಂದು ವಿಡಿಯೊ ಕಳಿಸಿದರು. ಕಾಫಿ ಸಿಪ್ಪೆಯಲ್ಲಿ ಸಕ್ಕರೆ ಕಾಯಿಲೆಗೆ ಮದ್ದಿದೆಯಂತೆ, ವಿಜ್ಞಾನಿಗಳೇ ಹೇಳಿದ್ದಾರಂತೆ! ಸಣ್ಣಸ್ವಾಮಿ ಹೆಂಡತಿಯನ್ನು ಕೂಗಿ ಕರೆದ.

"ಅಬ್ಬಬ್ಬಾ! ಇಪ್ಪತ್ತು ವರ್ಷ ಮದ್ದನ್ನ ಮಂಕರಿಲಿ ತುಂಬ್ಕೊಂಡೋಗಿ ಗುಂಡಿಗೆ ಸುರಿದ್ನಲ್ಲೇ ವನಜಾ!"

ಅಂದಿನಿಂದ ಗುಂಡಿಯ ಸಿಪ್ಪೆ ಒಣಗಿಸಿ, ಕುದಿಸಿ, ದಿನಕ್ಕೆ ಮೂರು ಲೋಟ ಕಷಾಯ. ಡಾಕ್ಟರು ಕೊಟ್ಟಿದ್ದ ಮಾತ್ರೆ ಅಟ್ಟ ಸೇರಿತು. ಒಗರು ತಡೆಯಲಾಗದೆ, ನಮ್ಮ ಕಡೆ ಬೆಲ್ಲದ ಕಾಫಿ ಕಾಯಿಸುವ ಹಾಗೆ, ಅದಕ್ಕೆ ಒಳ್ಳೆ ಉಂಡೆ ಬೆಲ್ಲ ಬೇರೆ! ಹೆಂಡತಿ ವನಜಮ್ಮ ಬೇಡವೆಂದರೆ, "ಬೆಲ್ಲ ಏನ್ ಸಕ್ಕರೇನಾ? ಸುಮ್ನಿರೇ" ಎಂದು ಬಾಯಿ ಮುಚ್ಚಿಸಿದ. ಎಂಥಾ ಬುದ್ಧಿವಂತ ನೋಡಿ!

ತಿಂಗಳಾದ ಮೇಲೆ ಆರೋಗ್ಯ ಉಪಕೇಂದ್ರದ ನರ್ಸ್ ಉಷಾರಾಣಿ ಎಸ್ಟೇಟ್ ಕೆಲಸಗಾರರ ಲೈನ್ ಮನೆಗಳ ಕಡೆ ಬಂದರು. ವನಜಮ್ಮ ಅವರನ್ನು ಕರೆದು, ಕಷಾಯದ ಕತೆಯನ್ನೆಲ್ಲ ಹೇಳಿ, ಗಂಡನ ಕಾಲು ತೋರಿಸಿದಳು. ಗಮ್‌ಬೂಟು ಉಜ್ಜಿ ಕಿರುಬೆರಳಲ್ಲಿ ಎದ್ದ ಗುಳ್ಳೆ ಒಡೆದು, ಹುಣ್ಣಾಗಿ, ಬೆರಳು ಕಪ್ಪಗಾಗಿತ್ತು.

"ನೋವೇ ಇಲ್ಲ ಬಿಡಿ ಸಿಸ್ಟರೇ," ಎಂದ ಸಣ್ಣಸ್ವಾಮಿ.

"ನೋವಿಲ್ದೆ ಇರೋದೇ ಭಯ ಕಣಣ್ಣ. ಸಕ್ಕರೆ ಏರಿ ನರಕ್ಕೆ ಜೋಮು ಹಿಡ್ದಿದೆ." ಕೈಬೆರಳು ಚುಚ್ಚಿ ರಕ್ತ ನೋಡಿದರು. ಸಕ್ಕರೆ ಮುನ್ನೂರ ತೊಂಬತ್ತು, ಇರಬೇಕಾದ್ದರ ಎರಡರಷ್ಟು! "ಹಿಂಗೇ ಬಿಟ್ರೆ ಬೆರಳು ಹೋಗುತ್ತೆ. ಆಮೇಲೆ ಕಾಲು."

ಸಣ್ಣಸ್ವಾಮಿ ಕಾಲು ಹಿಂದಕ್ಕೆಳೆದುಕೊಂಡ. ಕಾಲಿಲ್ಲದೆ ಪಲ್ಪರ್ ಮುಂದೆ ನಿಲ್ಲುವುದು ಹೇಗೆ? "ಹಂಗಾದ್ರೆ ವಿಜ್ಞಾನಿಗಳು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ. ನೀವು ಅರ್ಧ ಕೇಳಿದ್ರಿ. ಕಾಫಿ ಸಿಪ್ಪೆ, ಕಿತ್ತಳೆ ಸಿಪ್ಪೆ, ಮಾವಿನ ವಾಟೆ, ನಾವು ಬಿಸಾಕೋದ್ರಲ್ಲೆಲ್ಲ ಸತ್ವ ಇದೆ. ಬಿಸಿಲು, ಹುಳ ತಡ್ಕೊಳ್ಳೋಕೆ ಗಿಡ ತಾನೇ ತಯಾರು ಮಾಡ್ಕೊಂಡಿರೋದು ಅದು. ಅದ್ರಲ್ಲಿ ಕೆಲವು, ಪ್ರಯೋಗದ ಇಲಿಗಳಲ್ಲಿ ಸಕ್ಕರೆ ಇಳಿಸಿರೋದೂ ನಿಜ. ಆದ್ರೆ ಮನುಷ್ಯರಿಗೆ ಎಷ್ಟು ಕೊಡ್ಬೇಕು, ಏನು ತೊಂದ್ರೆ ಆಗುತ್ತೆ, ಇನ್ನೂ ನೋಡ್ತಾ ಇದಾರೆ. ನಿಮ್ಮ ಗುಂಡಿ ಸಿಪ್ಪೇಲಿ ಬೂಷ್ಟೂ ಇರುತ್ತೆ, ತೋಟಕ್ಕೆ ಹೊಡೆದ ಔಷಧಿನೂ ಇರುತ್ತೆ. ಮೇಲೆ ಬೆಲ್ಲ! ಹೊಟ್ಟೆಗೆ ಹೋದ್ಮೇಲೆ ಅದೂ ಸಕ್ಕರೇನೇ ಅಣ್ಣ."

ಆಮೇಲೆ ಅಟ್ಟದಿಂದ ಮಾತ್ರೆ ತರಿಸಿ ಅವನ ಅಂಗೈ ಮೇಲಿಟ್ಟರು. "ಇದು ಮೆಟ್‌ಫಾರ್ಮಿನ್. ಇದರ ಮೂಲಾನೂ ಗಿಡಾನೇ. ಯುರೋಪಲ್ಲಿ ಒಂದು ಗಿಡದ ಸತ್ವ ಸಕ್ಕರೆ ಇಳಿಸ್ತಿತ್ತು, ಆದ್ರೆ ವಿಷಾನೂ ಆಗ್ತಿತ್ತು. ಅದರ ಜಾಡು ಹಿಡಿದು, ವಿಷ ಇಲ್ದಂಗೆ ಇಷ್ಟು ಚಿಕ್ಕ ಮಾತ್ರೆ ಮಾಡೋಕೆ ಎಷ್ಟೋ ಜನ, ಎಷ್ಟೋ ವರ್ಷ ಒದ್ದಾಡಿದಾರೆ."

ಸಣ್ಣಸ್ವಾಮಿ ಆ ಬಿಳಿ ಮಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆರು ವರ್ಷ ನುಂಗಿದ್ದರೂ ಒಂದು ದಿನ ಹೀಗೆ ನೋಡಿರಲಿಲ್ಲ. "ಅಯ್ಯೋ ಶಿವನೇ, ಕೈಲಿದ್ದ ಮದ್ದನ್ನ ಅಟ್ಟಕ್ಕೆಸೆದು ಗುಂಡಿ ಕೆದಕಿದ್ನಲ್ಲ!"

ಅವತ್ತೇ ವನಜಮ್ಮ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಾಲು ಉಳಿಯಿತು. ಕಿರುಬೆರಳು ಉಳಿಯಲಿಲ್ಲ. ಒಂದು ವಾರ ಮೊದಲು ಬಂದಿದ್ದರೆ ಅದೂ ಉಳಿಯುತ್ತಿತ್ತೇನೋ ಎಂದರು ಡಾಕ್ಟರು.

ಅಕ್ಕಂದಿರೇ, ಅಣ್ಣಂದಿರೇ, ಗಿಡಮರಗಳ ಒಳಗೆ ಏನೇನು ಅಡಗಿದೆಯೋ, ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಮುಂದೊಂದು ದಿನ ನಮ್ಮ ಕಾಫಿ ಸಿಪ್ಪೆಯಿಂದಲೂ ಮಾತ್ರೆ ಬರಬಹುದು. ಅದು ಬರುವ ತನಕ ಡಾಕ್ಟರು ಕೊಟ್ಟ ಮಾತ್ರೆಯನ್ನು ಯಾರ ಮಾತಿಗೂ ಬಿಡಬೇಡಿ. ಏನೇ ಕಷಾಯ ಕುಡಿಯುವ ಮೊದಲು ಅವರನ್ನು ಕೇಳಿ. ಬೆಲ್ಲವನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಿ. ಸಕ್ಕರೆ ಕಾಯಿಲೆ ಇದ್ದವರು ಈ ಹಾಳೆಯನ್ನು ಪಕ್ಕಕ್ಕಿಟ್ಟು, ಈಗಲೇ ಎರಡೂ ಪಾದ ಎತ್ತಿ ಬೆಳಕಿಗೆ ಹಿಡಿದು ನೋಡಿಕೊಳ್ಳಿ. ನೋವಿದೆಯಾ ಎಂದು ಕೇಳಬೇಡಿ, ಗಾಯ ಇದೆಯಾ ನೋಡಿ.