ಓರೆ ಬೆಳಕು

“ಇನ್ನೊಂದ್ಸಲ ಬಾಗಿಲ ಕಡೆ ತಿರುಗಿಸು ಅವಳನ್ನ,” ಎಂದಳು ಅಕ್ಕ.

ತಂಗಿ ತನ್ನ ಎಂಟು ತಿಂಗಳ ಮಗಳನ್ನು ತೊಡೆಯ ಮೇಲೆ ಓರೆಯಾಗಿ ಕೂರಿಸಿದಳು. ಮಗು ಕಿಲಕಿಲ ನಕ್ಕಿತು. ಅಕ್ಕ ನಗಲಿಲ್ಲ. ಎಡಗಣ್ಣಿನ ಪಾಪೆಯೊಳಗೆ ಏನೋ ಬೆಳ್ಳಗೆ ಮಿನುಗಿ, ಮಗು ಕತ್ತು ಹೊರಳಿಸಿದೊಡನೆ ಮಾಯವಾಯಿತು.

ಅಕ್ಕ ಗಾಜಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಬಾಟಲಿ ನೋಡುವವಳು. ಬೆಳಗುವ ಪರದೆಯ ಮುಂದೆ ಸಾಲಾಗಿ ಸಾಗುವ ಬಾಟಲಿಗಳಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಎತ್ತಿಡಬೇಕು. ಮೊದಲ ತಿಂಗಳು ಅವಳಿಗೆ ಏನೂ ಕಂಡಿರಲಿಲ್ಲ. ಮೇಸ್ತ್ರಿಯಿಂದ ಬೈಸಿಕೊಂಡಿದ್ದೇ ಬಂತು. ಈಗ ಹುಡುಕುವುದೇ ಇಲ್ಲ, ಕೆಟ್ಟದ್ದು ತಾನಾಗಿ ಬಂದು ಕಣ್ಣಿಗೆ ಚುಚ್ಚುತ್ತದೆ.

“ಅತ್ತಿಗೆ, ನಿಮಗೆ ಎಲ್ಲದರಲ್ಲೂ ಐಬೇ ಕಾಣುತ್ತೆ,” ತಂಗಿಯ ಗಂಡ ಸಿಡುಕಿದ. “ಮಗು ಬಾಟ್ಲಿ ಅಲ್ಲ. ಹೋದ ವಾರ ತಾನೇ ಡಾಕ್ಟ್ರು ಚೆನ್ನಾಗಿದ್ದಾಳೆ ಅಂದ್ರು.”

“ಅವರು ನೋಡಿದ್ದು ಎದುರಿಂದ. ನಾಳೆ ರಜ ಹಾಕ್ತೀನಿ. ನೀವು ಬರದಿದ್ರೂ ಪರವಾಗಿಲ್ಲ, ಮಗೂನ ಕಳಿಸಿಕೊಡಿ.”

ಮರುದಿನ ಅದೇ ಡಾಕ್ಟರು ಕಣ್ಣಿಗೆ ಟಾರ್ಚು ಹಾಕಿ ನೋಡಿ “ಏನೂ ಇಲ್ಲಮ್ಮ” ಎಂದರು. ತಂಗಿ ನಿಟ್ಟುಸಿರು ಬಿಟ್ಟು ಎದ್ದಳು. ಅಕ್ಕ ಕುರ್ಚಿ ಬಿಡಲಿಲ್ಲ.

“ಕಿಟಕಿ ಮುಚ್ಚಿ ಸಾರ್. ಬೆಳಕು ಪಕ್ಕದಿಂದ ಬಿಡಿ. ನಾನು ಹೇಳಿದ ಕಡೆ ನಿಂತು ನೋಡಿ. ಆಗ್ಲೂ ಕಾಣ್ಲಿಲ್ಲ ಅಂದ್ರೆ ನಾನೇ ಎದ್ದು ಹೋಗ್ತೀನಿ.”

ಹೊರಗೆ ಕಾದಿದ್ದವರು ಗೊಣಗುತ್ತಿದ್ದರು. ಡಾಕ್ಟರು ಒಲ್ಲದ ಮನಸ್ಸಿನಿಂದ ಪರದೆ ಎಳೆದು ಟಾರ್ಚನ್ನು ಅತ್ತಿತ್ತ ಆಡಿಸಿದರು. ಮೂರನೆಯ ಸಲ ಅವರ ಕೈ ನಿಂತಿತು. ಕೂತು ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. “ಇವತ್ತೇ ಹೋಗಿ,” ಎಂದರು.

ಕಣ್ಣೊಳಗೆ ಗೆಡ್ಡೆ ಬೆಳೆಯುತ್ತಿತ್ತು. ಆ ಕಣ್ಣು ಉಳಿಯಲಿಲ್ಲ; ಮಗು ಉಳಿಯಿತು. “ಇನ್ನೂ ತಡ ಆಗಿದ್ರೆ ನಮ್ಮ ಕೈಲಿ ಏನೂ ಇರ್ತಿರಲಿಲ್ಲ,” ಎಂದರು ಅಲ್ಲಿಯ ವೈದ್ಯೆ. ಆಸ್ಪತ್ರೆಯ ಮೆಟ್ಟಿಲ ಬಳಿ ತಂಗಿಯ ಗಂಡ “ಅತ್ತಿಗೆ…” ಎಂದವನು ಅವಳ ಕೈಯಲ್ಲಿದ್ದ ಚೀಲವನ್ನು ತಾನು ತೆಗೆದುಕೊಂಡ.

ಮನೆಗೆ ಮರಳುವ ಬಸ್ಸಿನಲ್ಲಿ ಮಗು ದೊಡ್ಡಮ್ಮನ ತೊಡೆಯ ಮೇಲಿತ್ತು, ಎಡಗಣ್ಣಿಗೆ ಬಿಳಿ ಪಟ್ಟಿ. ಮುಂದಿನ ಸೀಟಿನ ಬೆನ್ನ ಮೇಲೆ ಮರಗಳ ನೆರಳು ಓಡುತ್ತಿತ್ತು. ಮಗು ಅದನ್ನೇ ದಿಟ್ಟಿಸಿ, ಮುಂದಕ್ಕೆ ಬಾಗಿ ಕೈ ಚಾಚಿತು. ಒಂದೇ ಕಣ್ಣಿಗೆ ದೂರ ಗೊತ್ತಾಗದೆ ಕೈ ಬರೀ ಗಾಳಿಯನ್ನು ಹಿಡಿಯಿತು. ದೊಡ್ಡಮ್ಮ ಸಹಾಯಕ್ಕೆ ಹೋಗಲಿಲ್ಲ, ಸೊಂಟ ಮಾತ್ರ ಭದ್ರವಾಗಿ ಹಿಡಿದಳು. ಮಗು ಮತ್ತೆ ಬಾಗಿತು. ಈ ಸಲ ಪುಟ್ಟ ಅಂಗೈ ಸೀಟಿಗೆ ತಾಗಿತು. ಎಲೆಗಳ ನೆರಳು ಅದರ ಮೇಲೆ ಹಾದುಹೋಗತೊಡಗಿತು.